ಕಾಲೇಜು ಬಿಟ್ಟರೆ ರಾತ್ರಿ ಫೋನ್ ತಪ್ಪುತ್ತಾ?

ಪ್ರಶ್ನೆ: ನಾನು ಬೆಳಗಾವಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಅರಿವಳಿಕೆ ವಿಭಾಗದ ಅಸಿಸ್ಟೆಂಟ್ ಪ್ರೊಫೆಸರ್. ಮಗನಿಗೆ ಆರು ವರ್ಷ, ಮಗಳಿಗೆ ಎರಡು. ಮಕ್ಕಳನ್ನು ನೋಡಿಕೊಳ್ಳಲು ಅತ್ತೆ ಗೋಕಾಕದಿಂದ ಬಂದಿದ್ದಾರೆ, ಅವರಿಗೋ ಮೊಣಕಾಲು ನೋವು. ಐದು ವರ್ಷ ಸರ್ವಿಸ್ ಆದರೂ ಸಂಶೋಧನಾ ಪೇಪರ್ ಇಲ್ಲದೆ ಪ್ರಮೋಷನ್ ನಿಂತಿದೆ. ಬ್ಯಾಂಕಿನಲ್ಲಿರುವ ಪತಿ, "ಕಾಲೇಜು ಬಿಡು, ನರ್ಸಿಂಗ್ ಹೋಮ್‌ಗಳಿಗೆ ಹೋಗು. ದುಡ್ಡೂ ಜಾಸ್ತಿ, ಟೈಮೂ ಸಿಗುತ್ತೆ" ಅನ್ನುತ್ತಾರೆ. ಪಾಠ ಮಾಡುವುದು ನನಗಿಷ್ಟ. ಆದರೆ ರಾತ್ರಿ ಎದ್ದರೆ ಮಗಳು ನನ್ನನ್ನಲ್ಲ, ಆಯಿಯನ್ನು, ಅಂದರೆ ಅಜ್ಜಿಯನ್ನು, ಕೇಳುತ್ತಾಳೆ. ಬಿಟ್ಟುಬಿಡಲೇ?

ಉತ್ತರ: ದುಡ್ಡಿನ ಮಾತು ನಿಜವಿರಬಹುದು. ಟೈಮಿನ ಮಾತು ನಾನು ಒಪ್ಪುವುದಿಲ್ಲ. ಸಿಸೇರಿಯನ್ ಗಡಿಯಾರ ನೋಡಿ ಬರುತ್ತಾ? ಕಾಲೇಜಿನಲ್ಲಿ ಡ್ಯೂಟಿ ಪಟ್ಟಿ ಇದೆ, ನಿಮ್ಮ ಸರದಿ ಮುಗಿದರೆ ಇನ್ನೊಬ್ಬರು ಬರುತ್ತಾರೆ. ನರ್ಸಿಂಗ್ ಹೋಮ್ ಸುತ್ತುವವರಿಗೆ ಮೊಬೈಲೇ ಡ್ಯೂಟಿ ಪಟ್ಟಿ. ಎರಡು ಸಲ ಬರಲ್ಲ ಅಂದರೆ ಮೂರನೇ ಸಲ ಫೋನ್ ಬೇರೆಯವರಿಗೆ ಹೋಗುತ್ತೆ. ಮಗಳು ಎದ್ದಾಗ ಪಕ್ಕದಲ್ಲಿರಬೇಕು ಅಂತ ಕೆಲಸ ಬಿಟ್ಟು, ಅದೇ ರಾತ್ರಿಗಳನ್ನು ಕಳೆದುಕೊಳ್ಳುವುದು ಯಾವ ಲೆಕ್ಕ?

ಇನ್ನು ಪ್ರಮೋಷನ್. ಅಸೋಸಿಯೇಟ್ ಪ್ರೊಫೆಸರ್ ಆಗಲು ನಾಲ್ಕು ವರ್ಷ ಅನ್ನುವುದು ಕನಿಷ್ಠ ಸೇವೆ, ಗಡುವಲ್ಲ. ಆರನೇ ವರ್ಷಕ್ಕೋ ಏಳನೇ ವರ್ಷಕ್ಕೋ ಅಸೋಸಿಯೇಟ್ ಆದರೆ ಯಾರೂ ಬಾಗಿಲು ಹಾಕುವುದಿಲ್ಲ. ಬೇಕಿರುವುದು ಎರಡು ಪೇಪರ್, ಜೊತೆಗೆ ಬೋಧನೆಯದ್ದೊಂದು, ಸಂಶೋಧನೆಯದ್ದೊಂದು ಕೋರ್ಸ್. ಸಂಶೋಧನೆಯ ಕೋರ್ಸನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಚೆನ್ನೈ ಸಂಸ್ಥೆ ಆನ್‌ಲೈನಿನಲ್ಲೇ ನಡೆಸುತ್ತದೆ. ಮಕ್ಕಳು ಮಲಗಿದ ಮೇಲೆ ಪಾಠ ಕೇಳಬಹುದು. ನಿಮ್ಮ ಎಂ.ಡಿ. ಥೀಸಿಸ್ ಅಚ್ಚಾಗಿದೆಯಾ? ಅಲ್ಮೇರಾದಲ್ಲೇ ಇದ್ದರೆ ಮೊದಲ ಪೇಪರಿನ ಅರ್ಧ ಕೆಲಸ ಅಲ್ಲೇ ಇದೆ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಅನ್ನುವ ಜರ್ನಲ್‌ಗಳಿಂದ ಮಾತ್ರ ದೂರವಿರಿ. ಮೆಡ್‌ಲೈನ್, ಸ್ಕೋಪಸ್‌ನಂಥ ಮಾನ್ಯ ಜರ್ನಲ್‌ಗಳ ಸೂಚಿಯಲ್ಲಿ ಇಲ್ಲದ್ದು ಎಣಿಕೆಗೆ ಬರುವುದಿಲ್ಲ.

ಬರೆಯಲು ಹೊತ್ತೆಲ್ಲಿ ಅಂತೀರಿ. ಅದನ್ನು ಪತಿಯ ಹತ್ತಿರ ಕೇಳಿ. ಸಲಹೆ ಕೊಟ್ಟಿದ್ದಾರೆ, ಸರಿ. ಸಂಜೆ ಕೊಟ್ಟಿದ್ದಾರಾ? ನಿಮ್ಮ ಪತ್ರದಲ್ಲಿ ಅತ್ತೆಯ ಮೊಣಕಾಲಿದೆ, ನಿಮ್ಮ ಸಂಕಟವಿದೆ. ಪತಿ ಮಕ್ಕಳಿಗೆ ಒಂದು ಹೊತ್ತು ಉಣಿಸಿದ ಸುದ್ದಿ ಎಲ್ಲೂ ಇಲ್ಲ. ವಾರಕ್ಕೆ ಎರಡು ಸಂಜೆ, ಭಾನುವಾರದ ಬೆಳಗ್ಗೆ ಮಕ್ಕಳು ಅವರ ಪಾಲಿಗಿರಲಿ. "ಸಹಾಯ ಮಾಡ್ತೀರಾ" ಅಂತ ಕೇಳಬೇಡಿ. ಮಕ್ಕಳು ಅವರವೂ ಹೌದಲ್ವಾ?

ಅತ್ತೆಗೆ ಮಗಳನ್ನು ದಿನವಿಡೀ ಎತ್ತಿಕೊಂಡು ತಿರುಗುವುದು ಇನ್ನು ಆಗದ ಮಾತು. ಹಗಲಿಗೆ ಒಬ್ಬ ಹೆಣ್ಣುಮಗಳನ್ನು ಇಟ್ಟುಕೊಳ್ಳಿ. ಆ ಸಂಬಳವನ್ನು ಮನೆಖರ್ಚಿನಲ್ಲಿ ಬರೆಯಿರಿ, ನಿಮ್ಮ ಸಂಬಳದಲ್ಲಿ ಕಳೆಯಬೇಡಿ.

ಕಾಲೇಜಿನಿಂದಲೂ ಕೇಳಬೇಕಾದ್ದಿದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದಿದಾಗಿನಿಂದ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೊಠಡಿ ಇರಲೇಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಆಪರೇಷನ್ ಮಧ್ಯೆ ಎದ್ದು ಹೋಗಲು ಆಗಲ್ಲ, ಗೊತ್ತು. ಆದರೂ ಮಗು ಅದೇ ಆವರಣದಲ್ಲಿರುವುದು ಬೇರೆ ಮಾತು. ಒಬ್ಬರೇ ಹೋಗಬೇಡಿ. ನರ್ಸ್‌ಗಳು, ಪಿಜಿ ಓದುವ ಹುಡುಗಿಯರು, ಲ್ಯಾಬಿನವರು ಎಲ್ಲರ ಸಹಿ ಹಾಕಿಸಿ ಬರಹದಲ್ಲಿ ಕೊಡಿ.

ಮಗಳು ಆಯಿಯನ್ನು ಕೇಳುವುದಕ್ಕೆ ಕೊರಗಬೇಡಿ. ಇಬ್ಬರು ಇದ್ದಾರೆ ಅಂತ ಅವಳಿಗೆ ಗೊತ್ತಿದೆ, ಅಷ್ಟೇ.

ಒಂದು ವರ್ಷ ಹೀಗೆ ನೋಡಿದ ಮೇಲೂ ಬಿಡಬೇಕು ಅನ್ನಿಸಿದರೆ ಬಿಡಿ, ತಪ್ಪೇನಿಲ್ಲ. ಬೋಧನಾ ಅನುಭವದ ಪ್ರಮಾಣಪತ್ರ, ರಿಲೀವಿಂಗ್ ಆರ್ಡರ್ ಎರಡನ್ನೂ ಕೈಗೆ ತೆಗೆದುಕೊಂಡೇ ಹೊರಡಿ. ನಾಳೆ ಮತ್ತೆ ಪಾಠಕ್ಕೆ ಮರಳುವ ಮನಸ್ಸಾದರೆ ಈ ಐದು ವರ್ಷ ಲೆಕ್ಕಕ್ಕೆ ಬರುತ್ತೆ.