ಅಷ್ಟು ಅನುಭವ ಇದ್ದೂ ಅಡ್ಮಿರಲ್ ಜಾರ್ಜ್ ಟ್ರಯಾನ್ ತಮ್ಮ ಹಡಗನ್ನೇ ಮುಳುಗಿಸಿಕೊಂಡಿದ್ದು ಹೇಗೆ?

ಅನುಭವಕ್ಕೇನೂ ಕೊರತೆ ಇರಲಿಲ್ಲ. 1848ರಲ್ಲಿ ಹದಿನಾರನೇ ವಯಸ್ಸಿಗೆ ಬ್ರಿಟಿಷ್ ನೌಕಾಪಡೆ ಸೇರಿದವರು. ಕ್ರಿಮಿಯಾ ಯುದ್ಧ ಕಂಡರು. ಅಬಿಸೀನಿಯಾ (ಇಂದಿನ ಇಥಿಯೋಪಿಯಾ) ದಂಡಯಾತ್ರೆಯಲ್ಲಿ ಸಾಗಣೆ ಹಡಗುಗಳನ್ನು ನಿಭಾಯಿಸಿ ಹೆಸರು ಮಾಡಿದರು. 1891ರಲ್ಲಿ ಮೆಡಿಟರೇನಿಯನ್ ಪಡೆಯ ಮುಖ್ಯಸ್ಥರಾದರು.

1893ರ ಜೂನ್ 22. ಲೆಬನಾನ್‌ನ ಟ್ರಿಪೋಲಿ ಹತ್ತಿರ ಹಡಗುಗಳು ಎರಡು ಸಾಲಾಗಿ ಹೊರಟಿದ್ದವು. ಒಂದರ ಮುಂದೆ ಟ್ರಯಾನ್ ಇದ್ದ 'ವಿಕ್ಟೋರಿಯಾ', ಇನ್ನೊಂದರ ಮುಂದೆ ಅವರ ಕೈಕೆಳಗಿನ ಅಡ್ಮಿರಲ್ ಮಾರ್ಕ್‌ಹಮ್ ಇದ್ದ 'ಕ್ಯಾಂಪರ್‌ಡೌನ್'. ನಡುವೆ ಸುಮಾರು 1,100 ಮೀಟರ್. ಎರಡೂ ಒಳಮುಖವಾಗಿ ತಿರುಗಿ ಎಂದರು ಟ್ರಯಾನ್. ಹಾಗೆ ತಿರುಗೋಕೆ ಕನಿಷ್ಠ 1,450 ಮೀಟರ್ ಬೇಕಿತ್ತು! ಜಾಗ ಸಾಲದು ಅಂತ ಜೊತೆಗಿದ್ದ ಅಧಿಕಾರಿ ಮೊದಲೇ ಹೇಳಿದ್ದರು. ಮಾರ್ಕ್‌ಹಮ್ ಕೂಡ ಹಿಂಜರಿದರು. 'ಯಾಕೆ ಕಾಯ್ತಿದ್ದೀರಿ?' ಅನ್ನೋ ಸಂಕೇತ ಬಂತು, ತಿರುಗಿಸಿಬಿಟ್ಟರು. ಕ್ಯಾಂಪರ್‌ಡೌನ್‌ನ ಮೂತಿ ವಿಕ್ಟೋರಿಯಾದ ಹೊಟ್ಟೆ ಸೀಳಿತು. ಕಾಲು ಗಂಟೆಯೊಳಗೆ ಹಡಗು ಮುಳುಗಿತು. ಟ್ರಯಾನ್ ಸೇರಿ 358 ಜನ ಸತ್ತರು.

ನನಗೆ ತುಂಬಾ ನೋವಾಗೋದು ಇಲ್ಲೇ. ಸಂಕೇತಕ್ಕೆ ಕಾಯದೆ ಕ್ಯಾಪ್ಟನ್‌ಗಳು ಸ್ವಂತ ಬುದ್ಧಿ ಓಡಿಸಬೇಕು ಅಂತ ಕಲಿಸುತ್ತಿದ್ದವರು ಇದೇ ಟ್ರಯಾನ್. ಆದರೆ ಆವತ್ತು ಅವರ ಮಾತು ಮೀರುವ ಧೈರ್ಯ ಯಾರಿಗೂ ಬರಲಿಲ್ಲ. ಸೇನಾ ನ್ಯಾಯಾಲಯ ತಪ್ಪು ಟ್ರಯಾನ್ ಅವರದ್ದೇ ಎಂದಿತು.