ಜಲ್ಲಿ ದಾರಿಯಲ್ಲಿ ಸೈಕಲ್ ಟೈರ್‌ಗೆ ಗಾಳಿ ಸ್ವಲ್ಪ ಕಡಿಮೆ ಇರಬೇಕು ಅಂತಾರೆ, ಯಾಕೆ?

ಗಟ್ಟಿ ಟೈರ್ ಪ್ರತಿ ಕಲ್ಲನ್ನೂ ಹತ್ತಿ ಇಳಿಯುತ್ತದೆ. ಮೆತ್ತಗಿನ ಟೈರ್ ತಾನೇ ತಗ್ಗಿ, ಕಲ್ಲನ್ನು ಒಳಗೆ ಅದುಮಿಕೊಂಡು ಮುಂದೆ ಹೋಗುತ್ತದೆ. ಕಾರಣ ಇಷ್ಟೇ.

ಹೊಳೆ ದಂಡೆಯ ದಾರಿಯಲ್ಲಿ ಹುಣಸೆ ಬೀಜದಷ್ಟು ಕಲ್ಲು ಚಕ್ರಕ್ಕೆ ಸಿಕ್ಕಿತು ಅಂದುಕೊಳ್ಳಿ. ಟೈರ್ ಬಿಗಿಯಾಗಿದ್ದರೆ ಸೈಕಲ್ ಜೊತೆ ನೀವೂ ಅಷ್ಟು ಮೇಲೇಳಬೇಕು. ಮುಂದೆ ಹೋಗಲೆಂದು ತುಳಿದ ಶಕ್ತಿ ಕುಣಿಯುವುದರಲ್ಲೇ ಖರ್ಚಾಗುತ್ತದೆ. ಆ ನಡುಕವನ್ನೆಲ್ಲ ಅಂಗೈ, ಸೊಂಟ ತಿನ್ನಬೇಕು. ಕೈ ಜೋಮು ಹಿಡಿಯುವುದು ಅದಕ್ಕೇ. ಗಾಳಿ ಕಡಿಮೆಯಿದ್ದರೆ ಟೈರ್ ನೆಲಕ್ಕೆ ಜಾಸ್ತಿ ಒತ್ತಿಕೊಳ್ಳುತ್ತದೆ, ತಿರುವಿನಲ್ಲಿ ಜಾರುವುದೂ ಕಡಿಮೆ.

ಹಾಗಂತ ಸುಮ್ನೆ ಗಾಳಿ ಬಿಡಬೇಡಿ. ತೀರಾ ಇಳಿದರೆ ಟ್ಯೂಬ್ ಕಲ್ಲಿಗೂ ರಿಮ್‌ಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. 40 ಮಿಲಿಮೀಟರ್ ಅಗಲದ ಟೈರ್, ಸುಮಾರು 70 ಕಿಲೋ ತೂಕದ ಸವಾರ ಅಂದರೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲಿ ಶುರು ಮಾಡಿ, ಒಂದೆರಡರಂತೆ ಇಳಿಸಿ ನೋಡಿ. ಹಿಂದಿನ ಚಕ್ರಕ್ಕೆ ಸ್ವಲ್ಪ ಜಾಸ್ತಿ ಇರಲಿ. ಭಾರ ಹೆಚ್ಚು ಬೀಳುವುದು ಅಲ್ಲೇ ಅಲ್ವಾ?