ಸ್ಟ್ರಮ್ ಮಾಡುವ ಕೈ ನಿಲ್ಲಬಾರದು

ಪ್ರಶ್ನೆ: ಗಿಟಾರ್ ಹಿಡಿದು ನಾಲ್ಕು ತಿಂಗಳಾಯಿತು. ಜಿ, ಸಿ, ಡಿ, ಇ ಮೈನರ್ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಬರುತ್ತವೆ. ಆದರೆ ಸ್ಟ್ರಮ್ ಮಾಡಲು, ಅಂದರೆ ಹಲವು ತಂತಿಗಳನ್ನು ಒಂದೇ ಬೀಸಿಗೆ ಬಾರಿಸಲು ಹೊರಟರೆ ಲಯ ಮುಗ್ಗರಿಸುತ್ತದೆ, ಮೇಲಕ್ಕೆ ಬರುವಾಗ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ತಂತಿಗೆ ಸಿಕ್ಕಿಕೊಳ್ಳುತ್ತದೆ. ‘ಡೌನ್, ಡೌನ್ ಅಪ್, ಅಪ್ ಡೌನ್ ಅಪ್’ ಬಾಯಿಪಾಠವಾಗಿದೆ, ಕೈಗೆ ಮಾತ್ರ ಹತ್ತುತ್ತಿಲ್ಲ. ಏನು ಮಾಡಲಿ?

ಉತ್ತರ: ಆ ಬಾಯಿಪಾಠದಲ್ಲೇ ತೊಂದರೆ ಇದೆ ಅನಿಸುತ್ತದೆ. ನೀವು ಹೇಳಿದ ಸಾಲಿನಲ್ಲಿ ಆರು ಪೆಟ್ಟುಗಳಿವೆ. ಕೈ ಮಾಡಬೇಕಾದ ಚಲನೆ ಮಾತ್ರ ಎಂಟು. ಉಳಿದೆರಡು ಎಲ್ಲಿ ಹೋದವು? ಅಲ್ಲಿ ಕೈ ಗಾಳಿಯಲ್ಲಿ ಆಡುತ್ತದೆ, ತಂತಿ ಮುಟ್ಟುವುದಿಲ್ಲ. ಬಾಣದ ಗುರುತು ಹಾಕಿದ ಪ್ಯಾಟರ್ನ್ ಚಿತ್ರಗಳಲ್ಲಿ ಈ ಖಾಲಿ ಚಲನೆ ಕಾಣುವುದೇ ಕಮ್ಮಿ. ಹೊಸಬರು ಅಲ್ಲಿ ಕೈ ನಿಲ್ಲಿಸಿ ಕಾಯುತ್ತಾರೆ. ಮತ್ತೆ ಹೊರಡುವಾಗ ಹೊತ್ತು ಮೀರಿರುತ್ತದೆ, ಲಯ ಮುರಿಯುತ್ತದೆ.

ಬಾಯಲ್ಲಿ ಹೀಗೆ ಹೇಳಿ ನೋಡಿ: ತ ಕ ಧಿ ಮಿ, ತ ಕ ಜು ಣು. ಒಂದಾದ ಮೇಲೊಂದು ಕೆಳಗೆ, ಮೇಲೆ, ಕೆಳಗೆ, ಮೇಲೆ. ಅಂದರೆ ತ, ಧಿ, ತ, ಜು ಬಂದಾಗ ಕೈ ಕೆಳಗೆ. ಕ, ಮಿ, ಕ, ಣು ಬಂದಾಗ ಮೇಲೆ. ಇದು ಯಾವತ್ತೂ ಬದಲಾಗದು. ನಿಮ್ಮ ಪ್ಯಾಟರ್ನಿನಲ್ಲಿ ಮೊದಲನೆಯ ‘ಕ’ ಮತ್ತು ಎರಡನೆಯ ‘ತ’ ಖಾಲಿ. ಆಗಲೂ ಕೈ ಹೋಗಿ ಬರಲೇಬೇಕು, ತಂತಿಯಿಂದ ಒಂದಿಷ್ಟು ದೂರದಲ್ಲಿ ಅಷ್ಟೇ. ಪ್ಯಾಟರ್ನ್ ಅಂದರೆ ಎಲ್ಲಿ ತಂತಿಗೆ ತಾಗಿಸಬೇಕು, ಎಲ್ಲಿ ಬಿಡಬೇಕು ಅನ್ನುವ ಲೆಕ್ಕ. ಈ ಎಂಟು ಚಲನೆ ಕೈಗೆ ಬಂದರೆ ಬೇರೆ ಪ್ಯಾಟರ್ನ್‌ಗಳನ್ನು ಹೊಸದಾಗಿ ಕಲಿಯುವ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಮೊದಲ ವಾರ ಕಾರ್ಡ್ ಬೇಡವೇ ಬೇಡ. ಎಡಗೈಯ ಎರಡು ಮೂರು ಬೆರಳನ್ನು ಎಲ್ಲ ತಂತಿಗಳ ಮೇಲೆ ಹಗುರವಾಗಿ ಇಡಿ, ಒತ್ತಬೇಡಿ. ಒಂದೇ ಬೆರಳಾದರೆ 5, 7, 12ನೇ ಫ್ರೆಟ್‌ಗಳ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ) ಹತ್ತಿರ ಗಂಟೆಯಂಥ ಸದ್ದು ಹೊರಟು ಕಿವಿ ಆ ಕಡೆ ಹೋಗುತ್ತದೆ. ನಮಗೆ ಬೇಕಾದ್ದು ಬರೀ ‘ಚಕ್ ಚಕ್’. ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಟಿಕ್ ಬರುವಂತೆ ಇಟ್ಟು, ಅದರ ಪ್ರತಿ ಟಿಕ್‌ಗೂ ಕೈ ಕೆಳಗೆ ಹೋಗುತ್ತಿರಲಿ. ಎಂಟೂ ಪೆಟ್ಟು ಸಮವಾಗಿ ಕೇಳಿದ ಮೇಲೆ ಆ ಎರಡನ್ನು ಖಾಲಿ ಬಿಡಿ. ಬೇಜಾರಾಗುತ್ತದೆ, ನಿಜ. ಹತ್ತು ನಿಮಿಷ ಸಾಕು, ಆದರೆ ದಿನಾ ಇರಲಿ.

ಇನ್ನು ಪಿಕ್ ಸಿಕ್ಕಿಕೊಳ್ಳುವುದು. ಗೋಡೆಗೆ ಬಣ್ಣ ಬಳಿಯುವಾಗ ಕೈ ಮುಂದೆ ಹೋಗುತ್ತದೆ, ಬ್ರಷ್ಷಿನ ಎಳೆಗಳು ಬಾಗಿ ಹಿಂದೆ ಉಳಿಯುತ್ತವೆ, ಅಲ್ವಾ? ಪಿಕ್ ಕೂಡ ಹಾಗೇ ಸ್ವಲ್ಪ ವಾಲಬೇಕು. ಕೆಳಗೆ ಹೋಗುವಾಗ ತುದಿ ಮೇಲ್ಮುಖ, ಮೇಲೆ ಬರುವಾಗ ಕೆಳಮುಖ. ಬಿಗಿಯಾಗಿ ಹಿಡಿದರೆ ಇದು ಆಗುವುದಿಲ್ಲ. ಹಾಗಂತ ಸಡಿಲ ಬಿಟ್ಟರೆ ಜಾರಿ ಗಿಟಾರಿನ ಹೊಟ್ಟೆಯೊಳಗೆ ಬೀಳುತ್ತದೆ, ಆಮೇಲೆ ಗಿಟಾರನ್ನು ತಲೆಕೆಳಗೆ ಮಾಡಿ ಅಲ್ಲಾಡಿಸುವ ಕೆಲಸ! ಬೀಳದಷ್ಟು ಹಿಡಿತ ಸಾಕು. ಬೆರಳಿನಿಂದಾಚೆ ಪಿಕ್‌ನ ತುದಿ ಮಾತ್ರ ಕಾಣಲಿ. ಸದ್ಯಕ್ಕೆ 0.5ರಿಂದ 0.7 ಮಿಲಿಮೀಟರಿನ ತೆಳು ಪಿಕ್ ತೆಗೆದುಕೊಳ್ಳಿ. ಅದು ಬಾಗಿ ನಿಮ್ಮ ಎಷ್ಟೋ ತಪ್ಪನ್ನು ಮುಚ್ಚಿಹಾಕುತ್ತದೆ.

ಅಪ್ ಸ್ಟ್ರೋಕಿನಲ್ಲಿ ಆರೂ ತಂತಿ ಬಾರಿಸಬೇಕು ಅಂತ ನೀವು ಅಂದುಕೊಂಡಿರಬಹುದು. ಬೇಡ. ತೆಳುವಾದ ಮೂರು ತಂತಿ ತಾಗಿದರೆ ಆಯಿತು. ಡೌನ್‌ನಲ್ಲೂ ಎಲ್ಲ ಕಾರ್ಡಿಗೂ ಆರು ಬೇಕಿಲ್ಲ, ಡಿ ಕಾರ್ಡಿಗೆ ನಾಲ್ಕನೇ ತಂತಿಯಿಂದ (ತೆಳು ತಂತಿಯ ಕಡೆಯಿಂದ ಎಣಿಸಿ) ಶುರು. ಮೊಣಕೈಯಿಂದ ಕೊಡಲಿ ಬೀಸಿದಂತೆ ಹೊಡೆಯಬೇಡಿ. ತೊಳೆದ ಕೈಯ ನೀರು ಕೊಡವುತ್ತೀರಲ್ಲ, ಮಣಿಕಟ್ಟು ಅಷ್ಟು ಸಡಿಲ ಇರಲಿ.

ಕಾರ್ಡ್ ಬದಲಿಸುವಾಗ ಬಲಗೈ ನಿಂತುಬಿಡುತ್ತದೆಯೇ? ಎಲ್ಲರಿಗೂ ಆಗುವುದೇ. ಕೊನೆಯ ‘ಣು’ ಬರುವಷ್ಟರಲ್ಲಿ ಎಡಗೈ ಎತ್ತಿಬಿಡಿ. ಆ ಒಂದು ಪೆಟ್ಟು ಬೆರಳು ಒತ್ತದ ತಂತಿಯ ಮೇಲೆ ಬಿದ್ದರೆ ಬೀಳಲಿ. ಪಳಗಿದವರೂ ಹೀಗೆ ಮಾಡುತ್ತಾರೆ, ಕೇಳುವವರಿಗೆ ಗೊತ್ತಾಗುವುದಿಲ್ಲ. ಎಡಗೈ ಎಡವಿದರೂ ಬಲಗೈ ನಡೆಯುತ್ತಲೇ ಇರಲಿ.

ಪ್ರಶ್ನೆ: ಪಿಕ್ ಬಿಟ್ಟು ಸುಮ್ನೆ ಬೆರಳಲ್ಲೇ ಸ್ಟ್ರಮ್ ಮಾಡಿದರೆ ತಪ್ಪಾ?

ಉತ್ತರ: ತಪ್ಪೇನಿಲ್ಲ. ನೈಲಾನ್ ತಂತಿಯ ಗಿಟಾರಾದರೆ ನಾನೇ ಬೆರಳು ಬಳಸಿ ಎನ್ನುತ್ತೇನೆ. ಕೆಳಗೆ ಹೋಗುವಾಗ ತೋರುಬೆರಳಿನ ಉಗುರು ತಾಗುತ್ತದೆ, ಮೇಲೆ ಬರುವಾಗ ಬೆರಳ ತುದಿಯ ಚರ್ಮ. ಹಾಗಾಗಿ ಅಪ್ ತಾನಾಗಿಯೇ ಮೆತ್ತಗೆ ಕೇಳುತ್ತದೆ. ಹೆಬ್ಬೆರಳಿನಲ್ಲಿ ಬಾರಿಸಿದರೆ ಇನ್ನೂ ಮೆದು. ಸ್ಟೀಲ್ ತಂತಿಯಲ್ಲಿ ಜಾಸ್ತಿ ಹೊತ್ತು ಹೀಗೆ ನುಡಿಸಿದರೆ ಚರ್ಮ ಉರಿಯುತ್ತದೆ. ಉರಿ ಶುರುವಾದ ದಿನ ಅಲ್ಲಿಗೇ ನಿಲ್ಲಿಸಿ, ಇಲ್ಲವೇ ಪಿಕ್ ಹಿಡಿಯಿರಿ.